ಬೈಬಲ್ ವ್ಯಾಖ್ಯಾನ ಕೊಳ್ಳುವವರಿಗೆ ಒಂದು ಸಲಹೆ

ಎಲ್ಲರಿಗೂ ವಂದನೆ. ಮನೆಕೂಟಗಳಲ್ಲಿ ವಾಕ್ಯ ವಿವರಿಸುವ ಕೆಲವರು ಯಾವ ವ್ಯಾಖ್ಯಾನ (ಬೈಬಲಿನ ವಾಕ್ಯಗಳ ಅರ್ಥ ವಿವರಿಸುವ ಪುಸ್ತಕ) ಕೊಳ್ಳಬೇಕು ಅಂತ ಕೇಳುತ್ತಿದ್ದಾರೆ. ಮೊದಲೇ ಇಡೀ ಸೆಟ್ ತರಿಸಬೇಡಿ. ದುಡ್ಡು ಜಾಸ್ತಿ, ಓದುವುದು ಕಡಿಮೆ. ಈಗ ಮಾರ್ಕನ ಸುವಾರ್ತೆ ಓದುತ್ತಿದ್ದರೆ ಮಾರ್ಕನ ಮೇಲಿನ ಒಂದೇ ಸಂಪುಟ ಸಾಕು.

ಮ್ಯಾಥ್ಯೂ ಹೆನ್ರಿ ಎಂಬ ಹಳೇ ಕಾಲದ ಬೋಧಕರು ಬರೆದ ವ್ಯಾಖ್ಯಾನ ಉಚಿತವಾಗಿ ಸಿಗುತ್ತದೆ, ಹಾಗಾಗಿ ಎಲ್ಲರ ಮೊಬೈಲಿನಲ್ಲೂ ಇದೆ. ಭಕ್ತಿಗೆ ಒಳ್ಳೆಯದು. ಆದರೆ ಅವರು ತೀರಿಕೊಂಡದ್ದು 1714ರಲ್ಲಿ. ಅಪೊಸ್ತಲರ ಕೃತ್ಯಗಳವರೆಗೆ ಅವರದು, ಉಳಿದದ್ದನ್ನು ಬೇರೆಯವರು ಮುಗಿಸಿದರು. ಮೃತ ಸಮುದ್ರದ ಸುರುಳಿಗಳು (ಬೈಬಲಿನ ಭಾಗಗಳೂ ಇರುವ ಪ್ರಾಚೀನ ಕೈಬರಹದ ಪ್ರತಿಗಳು) ಸಿಗಲು ಶುರುವಾದದ್ದು 1947ರ ಹೊತ್ತಿಗೆ. ಯೆಶಾಯನ ಪುಸ್ತಕದ ಹಳೇ ಪ್ರತಿಯೂ ಅದರಲ್ಲಿತ್ತು. ಹೆನ್ರಿಯವರಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಯೆಶಾಯ ಓದುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಅದಕ್ಕೇ ಮೊದಲು ಪುಸ್ತಕ ಬರೆದ ವರ್ಷ ನೋಡಿ. ಮರುಮುದ್ರಣದ ವರ್ಷ ಅಲ್ಲ!

ಬೈಬಲಿನ ಮೂಲಭಾಷೆಗಳಾದ ಗ್ರೀಕ್, ಹೀಬ್ರೂ ಬಾರದವರಿಗೆ ಟಿಂಡೇಲ್ ವ್ಯಾಖ್ಯಾನ ಸರಣಿ ಸರಿ. ವರ್ಡ್ ಬಿಬ್ಲಿಕಲ್ ಸರಣಿ ತುಂಬಾ ಆಳ, ಆದರೆ ಮೂಲಭಾಷೆ ಗೊತ್ತಿಲ್ಲದಿದ್ದರೆ ಸುಮ್ನೆ ತಲೆ ಕೆಡುತ್ತದೆ. ಇಡೀ ಬೈಬಲಿಗೆ ಒಂದೇ ಪುಸ್ತಕ ಸಾಕು ಅನ್ನುವವರು 2015ರಲ್ಲಿ ಬಂದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ ನೋಡಿ. ನಮ್ಮ ಕಡೆಯ ವಿದ್ವಾಂಸರೇ ಬರೆದದ್ದು. ಜಾತಿ, ಬಡತನದಂಥ ನಮ್ಮ ವಿಷಯಗಳೂ ಅದರಲ್ಲಿ ಬರುತ್ತವೆ. ಇವೆಲ್ಲ ಇಂಗ್ಲಿಷ್‌ನಲ್ಲಿವೆ.

ಯಾವುದೇ ಆಗಲಿ, ಮೊದಲು ಸತ್ಯವೇದದ (ಬೈಬಲಿನ) ಅಧ್ಯಾಯ ಓದಿ ನಿಮ್ಮ ಪ್ರಶ್ನೆ ಬರೆದಿಟ್ಟುಕೊಳ್ಳಿ. ಆಮೇಲೆ ವ್ಯಾಖ್ಯಾನ ತೆರೆಯಿರಿ. ತೀರ್ಥಹಳ್ಳಿ, ಆಗುಂಬೆ ಕಡೆಯವರು ಮಳೆಗಾಲದಲ್ಲಿ ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ.