ಹನ್ನೆರಡು ಕೇಪು, ಹನ್ನೆರಡು ಅಕ್ಷರ

ಮಗನಿಗೆ ಐದು ತುಂಬಲು ಇನ್ನೂ ಒಂದು ತಿಂಗಳಿತ್ತು. ಒಂದು ರಾತ್ರಿ ಊಟ ಮಾಡುತ್ತಾ, "ಅಮ್ಮ, ನನ್ನ ಬರ್ತ್‌ಡೇಗೆ ಎಲ್ಲರೂ ಸೂಪರ್‌ಹೀರೋ ಆಗ್ಬೇಕು" ಅಂದ. ಕೇಕು, ಬಲೂನು ಯಾವುದನ್ನೂ ಕೇಳಲಿಲ್ಲ. "ಎಲ್ಲರೂ" ಅಂದನಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಅಂಗಡಿಯಿಂದ ಒಂದು ಡ್ರೆಸ್ ತಂದು ಹಾಕಿದರೆ ಹೀರೋ ಆಗುವುದು ಅವನೊಬ್ಬನೇ. ಬಂದ ಮಕ್ಕಳೆಲ್ಲ ಸುಮ್ನೆ ನೋಡುತ್ತಾ ನಿಲ್ಲಬೇಕು. ಅದಕ್ಕೇ ಬರುವ ಪ್ರತಿ ಮಗುವಿಗೂ ಒಂದೊಂದು ಕೇಪು, ಅಂದರೆ ಸೂಪರ್‌ಹೀರೋಗಳ ಬೆನ್ನ ಮೇಲೆ ಹಾರಾಡುವ ಬಟ್ಟೆ, ಹೊಲಿಯೋಣ ಅಂತ ಅವತ್ತೇ ತೀರ್ಮಾನ ಮಾಡಿದೆ. ಹೋಗುವಾಗ ಅದನ್ನೇ ಮನೆಗೆ ಒಯ್ಯಲಿ, ಬೇರೆ ರಿಟರ್ನ್ ಗಿಫ್ಟ್ ಬೇಡ.

ನಮ್ಮ ಮನೆ ಮೈಸೂರಿನಲ್ಲಿ. ಮಗನೂ ಸೇರಿ 12 ಮಕ್ಕಳು, ಎಲ್ಲರೂ ನಾಲ್ಕರಿಂದ ಆರು ವರ್ಷದವರು. ಭಾನುವಾರ ಸಂಜೆ 4ರಿಂದ 6, ತಾರಸಿಯ ಮೇಲೆ. ಎರಡು ಗಂಟೆ ಸಾಕು. ಈ ವಯಸ್ಸಿನ ಮಕ್ಕಳು ಅದಕ್ಕಿಂತ ಜಾಸ್ತಿ ಹೊತ್ತು ಸೇರಿದರೆ ಸುಸ್ತಾಗಿ ಅಳಲು ಶುರುಮಾಡುತ್ತಾರೆ.

ಕೇಪಿನ ಲೆಕ್ಕ ಹೇಳಿಬಿಡುತ್ತೇನೆ, ಹೊಲಿಯುವವರಿಗೆ ಉಪಯೋಗವಾಗಬಹುದು. ಐದು ವರ್ಷದ ಮಗುವಿಗೆ ಕುತ್ತಿಗೆಯ ಹತ್ತಿರ 12 ಇಂಚು ಅಗಲ, ಕೆಳಗೆ 24 ಇಂಚು ಅಗಲ, ಉದ್ದವೂ 24 ಇಂಚು. ಮಂಡಿಗಿಂತ ಕೆಳಗೆ ಇಳಿಯಬಾರದು, ಓಡುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಸ್ಯಾಟಿನ್ ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು. ಒಂದು ಕೇಪನ್ನು ನೇರವಾಗಿ, ಪಕ್ಕದ್ದನ್ನು ತಲೆಕೆಳಗಾಗಿ ಗುರುತು ಹಾಕಿದರೆ ಒಂದು ಪನ್ನದಲ್ಲಿ ಎರಡು ಕೂರುತ್ತವೆ. ಹಾಗೆ 4 ಮೀಟರ್‌ನಲ್ಲಿ ಹನ್ನೆರಡೂ ಮುಗಿದವು. ನಾನು 2 ಮೀಟರ್ ಕೆಂಪು, 2 ಮೀಟರ್ ನೀಲಿ ತಂದಿದ್ದೆ. ಸ್ಯಾಟಿನ್ ಕತ್ತರಿಸಿದ ತಕ್ಷಣ ಎಳೆ ಬಿಡುತ್ತದೆ. ಅಂಚು ಮಡಚಿ ಹೊಲಿಯುವಷ್ಟು ಸಮಯ ಇರಲಿಲ್ಲ. ಮೇಣದಬತ್ತಿಯ ಉರಿಯ ಪಕ್ಕದಲ್ಲಿ ಅಂಚನ್ನು ಬೇಗಬೇಗ ಸರಿಸಿದೆ. ಪಾಲಿಯೆಸ್ಟರ್ ಆದ್ದರಿಂದ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡವು. ಈ ಕೆಲಸ ಮಕ್ಕಳು ಮಲಗಿದ ಮೇಲೆ ಮಾಡಿ. ಪಕ್ಕದಲ್ಲಿ ಒಂದು ಪಾತ್ರೆ ನೀರು ಇರಲಿ. ಮೊದಲು ಒಂದು ಚೂರು ಬಟ್ಟೆಯ ಮೇಲೆ ನೋಡಿಕೊಳ್ಳಿ.

ಕುತ್ತಿಗೆಗೆ ದಾರ ಮಾತ್ರ ಕಟ್ಟಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ದೂರದರ್ಶನದಲ್ಲಿ 1997ರಲ್ಲಿ ಶಕ್ತಿಮಾನ್ ಶುರುವಾದಾಗ ನಾನು ಒಂದನೇ ಕ್ಲಾಸು. ಬೀದಿಯ ಮಕ್ಕಳೆಲ್ಲ ಕೈ ಎತ್ತಿ ಗಿರಗಿರ ಸುತ್ತುತ್ತಿದ್ದೆವು. ಒಂದು ದಿನ ನಾನು ಕುತ್ತಿಗೆಗೆ ಟವೆಲ್ ಗಂಟು ಹಾಕಿಕೊಂಡು ಓಡಿದೆ. ಟವೆಲ್ ಗೇಟಿನ ಕೊಂಡಿಗೆ ಸಿಕ್ಕಿ ಉಸಿರು ಕಟ್ಟಿತು. ಅಮ್ಮ ಓಡಿ ಬಂದು ಬಿಡಿಸಿದರು. ಅವರ ಕೈ ನಡುಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಹನ್ನೆರಡಕ್ಕೂ ವೆಲ್ಕ್ರೋ ಹಾಕಿದೆ, ಒಂದೂವರೆ ಇಂಚಿನ ತುಂಡು. ಯಾರಾದರೂ ಹಿಂದಿನಿಂದ ಎಳೆದರೆ ಪರ್ ಅಂತ ಬಿಟ್ಟುಕೊಳ್ಳಬೇಕು. ಪ್ರತಿಯೊಂದನ್ನೂ ನಾನೇ ಎಳೆದು ನೋಡಿದೆ.

ಇನ್ನು ಗುರುತು. ಸೂಪರ್‌ಮ್ಯಾನ್ 1938ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗಲೇ ಅವನ ಎದೆಯ ಮೇಲೆ ಅವನ ಹೆಸರಿನ ಅಕ್ಷರ ಇತ್ತು. ನಮ್ಮ ಮಕ್ಕಳಿಗೂ ಅವರವರ ಅಕ್ಷರ ಇರಲಿ, ಅದೂ ಕನ್ನಡದಲ್ಲಿ ಅನ್ನಿಸಿತು. ಕಾಗದದ ಮೇಲೆ ಒಂದು ಗೇಣು ಎತ್ತರಕ್ಕೆ ಅಕ್ಷರ ಬರೆದು, ಹಳದಿ ಫೆಲ್ಟ್ ಬಟ್ಟೆಯ ಮೇಲಿಟ್ಟು ಕತ್ತರಿಸಿ, ಕೇಪಿನ ಬೆನ್ನಿಗೆ ಹೊಲಿದೆ. ಓಡುವಾಗ ಕಾಣುವುದು ಬೆನ್ನೇ ಅಲ್ವಾ? ಕನ್ನಡದ ಅಕ್ಷರಗಳು ಗುಂಡಗಿರುವುದರಿಂದ ಕತ್ತರಿ ಬಳಸಿ ಬಳಸಿ ತಿರುಗಬೇಕು. "ರ" ಎರಡು ನಿಮಿಷದ ಕೆಲಸ. "ಪ್ರ" ಅನ್ನುವ ಮಗುವಿಗೆ ಒತ್ತಕ್ಷರವನ್ನು ಬೇರೆಯಾಗಿ ಕತ್ತರಿಸಿ ಜೋಡಿಸಿದೆ. "ಅ" ಮೂವರಿದ್ದರು. ಒಬ್ಬರಿಗೆ ಹಳದಿ, ಒಬ್ಬರಿಗೆ ಹಸಿರು, ಒಬ್ಬರಿಗೆ ಬಿಳಿ. ಮಗ ದಿನಾ ಸಂಜೆ ಪಕ್ಕದಲ್ಲಿ ಕೂತು "ಇದು ಯಾರದು?" ಅಂತ ಕೇಳುತ್ತಾ ಕೇಳುತ್ತಾ ಸ್ನೇಹಿತರ ಅಕ್ಷರಗಳನ್ನೆಲ್ಲ ಕಲಿತುಬಿಟ್ಟ.

ಮುಖವಾಡವನ್ನೂ ಮಾಡಿದ್ದೆ. ಅದು ಬೇಡವಾಗಿತ್ತು. ಐದು ನಿಮಿಷಕ್ಕೆ ಬೆವರಿ ಎಲ್ಲರೂ ಕಿತ್ತು ಹಾಕಿದರು. ಒಂದು ಪುಟ್ಟ ಹುಡುಗಿ ನೋಡಿಯೇ ಹೆದರಿದಳು.

ಅಲಂಕಾರಕ್ಕೆ ಏಳು ರಟ್ಟಿನ ಪೆಟ್ಟಿಗೆ ತಂದು ನಮ್ಮೂರನ್ನೇ ಮಾಡಿದೆವು. ಒಂದು ಅರಮನೆ, ಒಂದು ದೇವರಾಜ ಮಾರುಕಟ್ಟೆ, ಹಸಿರು ಬಳಿದದ್ದು ಚಾಮುಂಡಿ ಬೆಟ್ಟ. ಎಲ್ಲಕ್ಕಿಂತ ಮೇಲೆ ದೊಡ್ಡ ಗಡಿಯಾರ. 1927ರ ಆ ಗೋಪುರದ ಗಡಿಯಾರದಲ್ಲಿ ಕನ್ನಡ ಅಂಕಿಗಳೇ ಇರುವುದು. ನನ್ನ ಗಂಡ ಅವನ್ನು ಒಂದೊಂದಾಗಿ ನೋಡಿಕೊಂಡು ಬರೆದರು. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟ ಎಲ್ಲಕ್ಕೂ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ ಇದೆ. ಅವು ಇಲ್ಲದಿದ್ದರೆ ಏನೂ ಕಡಿಮೆ ಅನ್ನಿಸುವುದಿಲ್ಲ. ಅಡಿಕೆ ಹಾಳೆ ತಟ್ಟೆ, ಮನೆಯ ಸ್ಟೀಲ್ ಲೋಟ ಸಾಕಾಯಿತು. ಬಲೂನು ಹತ್ತೇ ಹತ್ತು ಕಟ್ಟಿದೆವು. ಒಡೆದ ಚೂರನ್ನು ಮಕ್ಕಳು ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಡೆದ ತಕ್ಷಣ ಗುಡಿಸುವ ಕೆಲಸ ನನ್ನ ತಂಗಿಯದು.

ಪೆಟ್ಟಿಗೆಗಳು ಏಳೇ ಯಾಕೆ ಅಂದರೆ, ಅವು ಲಗೋರಿಗೆ. ಕಾಮಿಕ್ಸ್ ತಿರುವಿ ಆಟ ಹುಡುಕಬೇಕಾಗಿಲ್ಲ. ಲಗೋರಿಯೇ ಹೀರೋ ಆಟ. ಒಬ್ಬ ಬೀಳಿಸುತ್ತಾನೆ, ಚೆಂಡಿನ ಏಟು ತಪ್ಪಿಸಿಕೊಂಡು ಉಳಿದವರು ಮತ್ತೆ ಕಟ್ಟುತ್ತಾರೆ. ಕೇಪು ಹಾಕಿದ ಮಕ್ಕಳು ಒಬ್ಬರಿಗೊಬ್ಬರು ಗುದ್ದುವುದನ್ನು ಬೇರೆ ಕಡೆ ನೋಡಿದ್ದೆ. ಅದಕ್ಕೇ ಇಲ್ಲಿ ಮಕ್ಕಳಲ್ಲಿ ಯಾರೂ ಕೆಟ್ಟವರಲ್ಲ. ಊರು ಬೀಳಿಸುವ ರಾಕ್ಷಸ ಅಪ್ಪ ಒಬ್ಬರೇ. ಚೆಂಡು ಅಂದರೆ ಹಳೆಯ ಕಾಲುಚೀಲದ ಉಂಡೆ. ಅಪ್ಪ ಬೀಳಿಸುವುದು, ಹನ್ನೆರಡು ಮಕ್ಕಳು ಕಿರುಚುತ್ತಾ ಬಂದು ಅರಮನೆಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಗಡಿಯಾರ ಇಡುವುದು. ಒಂಬತ್ತು ಸಲ ಊರು ಬಿತ್ತು, ಒಂಬತ್ತು ಸಲ ಎದ್ದಿತು.

ಆದರೆ ಅಷ್ಟು ಸುಲಭವಾಗಿ ಶುರುವಾಗಲಿಲ್ಲ. ಅಕ್ಟೋಬರ್ ತಿಂಗಳು. ಮೂರೂವರೆಗೆ ಜೋರು ಮಳೆ. ತಾರಸಿಯಲ್ಲಿ ಕಟ್ಟಿದ್ದೆಲ್ಲ ಬಿಚ್ಚಿ ಅರ್ಧ ಗಂಟೆಯಲ್ಲಿ ಕೆಳಗೆ ತಂದೆವು. ಹಾಲಿನ ಸೋಫಾ ರೂಮಿಗೆ ಹೋಯಿತು. ಉಲ್ಲನ್ ದಾರವನ್ನು ಕಿಟಕಿ ಕಂಬಿಯಿಂದ ಬಾಗಿಲಿನ ಹಿಡಿಗೆ ಅಡ್ಡಾದಿಡ್ಡಿ ಕಟ್ಟಿದೆ. ಅದರ ಕೆಳಗೆ, ನಡುವೆ ತೂರಿಕೊಂಡೇ ಎಲ್ಲರೂ ಒಳಗೆ ಬಂದರು. ಬಿಸಿಲಿನ ತಾರಸಿಗಿಂತ ಈ ಬಲೆಯ ಬಾಗಿಲೇ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ಆಟಕ್ಕೆ ಹಿಂದಿನ ರಾತ್ರಿಯೇ ತಯಾರಿ ಬೇಕು. ಸ್ಟೀಲ್ ಬಟ್ಟಲುಗಳಲ್ಲಿ ನೀರು ತುಂಬಿ, ಒಂದೊಂದರಲ್ಲಿ ಒಂದು ಆಟಿಕೆ ಪ್ರಾಣಿ ಹಾಕಿ ಫ್ರೀಜರಿನಲ್ಲಿಟ್ಟೆ. ಇಬ್ಬರಿಗೆ ಒಂದು ಮಂಜುಗಡ್ಡೆ, ಒಂದು ಚಮಚ, ಸ್ವಲ್ಪ ಉಪ್ಪು, ಉಗುರುಬೆಚ್ಚಗಿನ ನೀರು. ಒಳಗಿರುವ ಪ್ರಾಣಿಯನ್ನು ಬಿಡಿಸಬೇಕು. ಉಪ್ಪು ಉದುರಿಸಿದ ಕಡೆ ಮಂಜು ಬೇಗ ಕರಗಿ ಗುಳಿ ಬೀಳುವುದನ್ನು ಕಂಡುಹಿಡಿದದ್ದು ಒಬ್ಬ ಆರು ವರ್ಷದವಳು. ಇಪ್ಪತ್ತು ನಿಮಿಷ ಒಬ್ಬರೂ ಸದ್ದು ಮಾಡಲಿಲ್ಲ. ಕೆಳಗೆ ದಪ್ಪ ಟವೆಲ್ ಹಾಸಿರಿ.

ತಿಂಡಿಗೆ ಪಡ್ಡು, ಕಾಯಿ ಚಟ್ನಿ, ಕೋಸಂಬರಿ, ಉದ್ದಕ್ಕೆ ಸೀಳಿದ ದ್ರಾಕ್ಷಿ. ಯಾರಿಗೆ ಏನು ಆಗುವುದಿಲ್ಲ ಅಂತ ಅಮ್ಮಂದಿರನ್ನು ಮೊದಲೇ ಕೇಳಿದ್ದೆ. ಒಬ್ಬರಿಗೆ ಕಡಲೆಬೀಜ ಆಗುತ್ತಿರಲಿಲ್ಲ, ಅದನ್ನು ಅಡುಗೆಮನೆಗೇ ತರಲಿಲ್ಲ. ಕೇಕು ಮೊಟ್ಟೆಯಿಲ್ಲದ ರವೆ ಕೇಕು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಸಣ್ಣ ಉರಿಯಲ್ಲಿ 45 ನಿಮಿಷ. ಆರಿದ ಮೇಲೆ ಅಕ್ಷರ ಕತ್ತರಿಸಿ ಉಳಿದಿದ್ದ ಕಾಗದವನ್ನು ಮೇಲಿಟ್ಟು ಸಕ್ಕರೆಪುಡಿ ಜರಡಿ ಹಿಡಿದೆ. ಕಾಗದ ಎತ್ತಿದರೆ ಮಗನ ಅಕ್ಷರ ಬೆಳ್ಳಗೆ ಮೂಡಿತ್ತು. ಅತ್ತೆ ಕೇಪು ಹಾಕಿದ ಮೊಮ್ಮಗನಿಗೇ ಆರತಿ ಎತ್ತಿದರು. ಕೊನೆಗೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹನುಮಂತ ಸಂಜೀವಿನಿ ತಂದ ಕಥೆ ಹೇಳಿದರು. ಗಿಡ ಯಾವುದು ಅಂತ ಗೊತ್ತಾಗದೆ ಬೆಟ್ಟವನ್ನೇ ಹೊತ್ತು ತಂದ ಅಂದಾಗ, "ಅಷ್ಟು ಭಾರಾನ ಅಜ್ಜಿ?" ಅಂತ ಒಬ್ಬ ನಮ್ಮ ಚಾಮುಂಡಿ ಬೆಟ್ಟದ ಪೆಟ್ಟಿಗೆ ಎತ್ತಿ ನೋಡಿದ.

ಹೊರಡುವ ಹೊತ್ತಿಗೆ ಪಕ್ಕದ ಬೀದಿಯ ಹುಡುಗ ನನ್ನ ಹತ್ತಿರ ಬಂದ. ಮುಖ ಸಣ್ಣಗಾಗಿತ್ತು. "ಆಂಟಿ, ಇದು ನನ್ನ ಅಕ್ಷರ ಅಲ್ಲ. ನಂದಕ್ಕೆ ಹೊಟ್ಟೆ ಸೀಳಿರುತ್ತೆ." ನೋಡಿದೆ. ಅವನ ಹೆಸರು ಶುರುವಾಗುವುದು "ಧ"ದಿಂದ. ನಾನು "ದ" ಹೊಲಿದಿದ್ದೆ. ಎರಡು ಗಂಟೆ ಅವನು ಅದನ್ನೇ ಹಾಕಿಕೊಂಡು ಆಡಿದ್ದ, ಯಾರಿಗೂ ಹೇಳಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು. "ತಪ್ಪಾಯ್ತು ಕಂದ, ನಾನು ಸರಿ ಮಾಡಿ ತಂದುಕೊಡ್ತೀನಿ" ಅಂತ ಕೇಪು ಇಸಿದುಕೊಂಡೆ.

ಅವತ್ತು ರಾತ್ರಿಯೇ ಹೊಲಿಗೆ ಬಿಚ್ಚಿ ಹೊಸ ಅಕ್ಷರ ಕತ್ತರಿಸಿದೆ. ಮಾರನೇ ದಿನ ಸಂಜೆ ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಹುಡುಗ ಕೇಪನ್ನು ನೆಲದ ಮೇಲೆ ಹರಡಿ, ಅಕ್ಷರದ ಕೆಳಗಿನ ಸೀಳಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ವೆಲ್ಕ್ರೋ ಹಾಕಿಕೊಂಡ. ಇಬ್ಬರೂ ಬೀದಿಯ ತುದಿಯವರೆಗೆ ಓಡಿದರು.