ಸುಟ್ಟುಹೋದ ಚರ್ಚ್ ಪುಸ್ತಕಗಳನ್ನು ದಾಟಿ: ವಾಲ್ಖೆರೆನ್ ಮನೆತನವೊಂದನ್ನು ನಾನು ಹುಡುಕಿದ ಬಗೆ

ಹಾಲೆಂಡಿನ ವಂಶಾವಳಿಗಳಲ್ಲಿ ಕೈಯಾಡಿಸಿದವರಿಗೆ ವಾಲ್ಖೆರೆನ್ ಎಂಬ ಹೆಸರು ಕೇಳಿದೊಡನೆ ಉತ್ಸಾಹ ಇಳಿದುಹೋಗುತ್ತದೆ. ಜೇಲಾಂಡ್ ಪ್ರಾಂತ್ಯದ ಈ ಹಳೆಯ ದ್ವೀಪದಲ್ಲಿ, ಪೌರ ನೋಂದಣಿ ಬಂದ 1811ಕ್ಕಿಂತ ಹಿಂದಿನ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳ ಚರ್ಚ್ ಪುಸ್ತಕಗಳು 1940ರ ಮೇ 17ರಂದು ಮಿಡಲ್‌ಬರ್ಗ್ ನಗರ ಹೊತ್ತಿ ಉರಿದಾಗ ಬಹುಪಾಲು ಬೂದಿಯಾದವು. ಪಕ್ಕದ ಫ್ಲಿಸ್ಸಿಂಗೆನ್ನಿನ ಪುರಭವನವಂತೂ ಅದಕ್ಕೂ ಮೊದಲೇ, 1809ರ ಆಗಸ್ಟ್‌ನಲ್ಲಿ, ಬ್ರಿಟಿಷ್ ನೌಕೆಗಳ ಗುಂಡಿನ ದಾಳಿಗೆ ಸಿಕ್ಕಿ ತನ್ನ ಹಳೆಯ ಕಾಗದಪತ್ರಗಳೊಡನೆ ಸುಟ್ಟಿತ್ತು. ಹೀಗಿರುವಾಗ ನನ್ನ ಅತ್ತೆಯವರ ತವರಿನ ಮನೆತನವನ್ನು 1811ರ ಹಿಂದಕ್ಕೆ ಒಯ್ಯುತ್ತೇನೆ ಎಂದು ನಾನು ಹೇಳಿದಾಗ, ಇಲ್ಲಿನ ವಂಶಾವಳಿ ಬಳಗದ ಹಿರಿಯರು ನಕ್ಕು ಸುಮ್ಮನಾದರು. ಅವರಲ್ಲೊಬ್ಬರು, ಬೂದಿಯನ್ನು ಓದುವ ವಿದ್ಯೆಯೇನಾದರೂ ಭಾರತದಲ್ಲಿ ಇದೆಯೇ ಎಂದು ಕೇಳಿದ್ದೂ ಉಂಟು. ಆ ಮನೆತನ ಈಗ 1700ರ ಆಸುಪಾಸಿನವರೆಗೆ ಹೋಗಿದೆ, ಮತ್ತು ಪ್ರತಿಯೊಂದು ಕೊಂಡಿಗೂ ಒಂದಕ್ಕಿಂತ ಹೆಚ್ಚು ಕಾಗದಗಳ ಆಧಾರವಿದೆ. ಆದ್ದರಿಂದ ಇದನ್ನು ಬರೆಯುವ ಅರ್ಹತೆ ನನಗಿದೆ ಎಂದು ಭಾವಿಸಿದ್ದೇನೆ. ಮನೆಯವರ ಇಚ್ಛೆಯಂತೆ ವ್ಯಕ್ತಿಗಳ ಹೆಸರನ್ನು ಮಾತ್ರ ಇಲ್ಲಿ ಕೊಡುವುದಿಲ್ಲ.

ಹಣ ಹೇಗೆ ಹೋಯಿತೆಂಬುದನ್ನು ಮೊದಲು ಹೇಳುತ್ತೇನೆ. ಆರಂಭದಲ್ಲಿ ಗಂಟೆಯ ಲೆಕ್ಕದಲ್ಲಿ ಕೆಲಸ ಮಾಡುವ ವೃತ್ತಿಪರ ಸಂಶೋಧಕರೊಬ್ಬರಿಗೆ ಸುಮಾರು 400 ಯೂರೋ ಕೊಟ್ಟೆ. ಬಂದ ವರದಿಯ ಮುಕ್ಕಾಲು ಭಾಗ ನಾನೇ ಕಳುಹಿಸಿದ್ದ ವಿವರಗಳಾಗಿದ್ದವು. ಉಳಿದ ಕಾಲು ಭಾಗದಲ್ಲಿ 1940ರ ಬೆಂಕಿಯ ಕಥೆಯಿತ್ತು. ಅನಂತರ ಡಿಎನ್ಎ ಪರೀಕ್ಷೆಯ ಗೀಳು ಹತ್ತಿತು. ಅತ್ತೆಯವರದು, ಅವರ ತಮ್ಮನದು, ಚಿಕ್ಕಪ್ಪನ ಮಗಳದು ಎಂದು ಕಿಟ್‌ಗಳನ್ನು ತರಿಸಿದ್ದಕ್ಕೆ ಇನ್ನೊಂದು 200 ಯೂರೋ ಖರ್ಚಾಯಿತು. ಹೊಂದಾಣಿಕೆಗಳು ಧಾರಾಳವಾಗಿ ಬಂದವು, ಆದರೆ ಹೆಚ್ಚಿನವು ಅಮೆರಿಕದ ಮಿಷಿಗನ್ ರಾಜ್ಯದಿಂದ. 1847ರಲ್ಲಿ ಇಲ್ಲಿಂದ ವಲಸೆ ಹೋದವರು ಅಲ್ಲಿ ತಮ್ಮ ಪ್ರಾಂತ್ಯದ ಹೆಸರಿನದೇ ಒಂದು ಊರನ್ನು ಕಟ್ಟಿಕೊಂಡಿದ್ದಾರೆ, ಆದ್ದರಿಂದ ಅದು ಆಶ್ಚರ್ಯದ ವಿಷಯವಲ್ಲ. ಅಂಥ ಕೆಲವರೊಡನೆ ಪತ್ರವ್ಯವಹಾರ ಸೊಗಸಾಗಿಯೇ ನಡೆಯಿತು. ಆದರೆ ಅವರ ವಂಶವೃಕ್ಷಗಳೂ ನಾವು ನಿಂತ ಜಾಗದಲ್ಲೇ ನಿಂತಿದ್ದವು. ಮುಂದೆ ಹೋಗಿದ್ದ ಒಂದೆರಡರಲ್ಲಿ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ, ಹನ್ನೊಂದನೆಯ ವಯಸ್ಸಿನಲ್ಲಿ ಮಗನನ್ನು ಪಡೆದ ತಂದೆಯೊಬ್ಬ ಇದ್ದ. ಕಾಗದವೇ ಇಲ್ಲದ ಕಡೆ ಡಿಎನ್ಎ ಸಂಬಂಧವನ್ನು ತೋರಿಸಬಹುದೇ ಹೊರತು ಹೆಸರನ್ನು ಕೊಡಲಾರದು.

ಕೊನೆಗೆ ಕೈಹಿಡಿದದ್ದು ಮದುವೆಯ ಲಗತ್ತು ಕಾಗದಗಳು. 1811ರ ನಂತರ ಪೌರ ನೋಂದಣಿಯಲ್ಲಿ ಮದುವೆಯಾಗುವವರು ಜನನದ ಪುರಾವೆಯನ್ನು ಸಲ್ಲಿಸಬೇಕಾಗಿತ್ತು. 1780ರ ದಶಕದಲ್ಲಿ ಹುಟ್ಟಿದವರಿಗೆ ಚರ್ಚ್ ಪುಸ್ತಕವನ್ನು ಬಿಟ್ಟು ಬೇರೆ ಪುರಾವೆಯಿರಲಿಲ್ಲ. ಆದ್ದರಿಂದ ಊರಿನ ಅಧಿಕಾರಿ ಆ ಪುಸ್ತಕವನ್ನು ತೆರೆದು, ಸಂಬಂಧಪಟ್ಟ ಸಾಲನ್ನು ಒಂದು ಚೀಟಿಗೆ ನಕಲು ಮಾಡಿ, ಸಹಿ ಹಾಕಿ ಕೊಡುತ್ತಿದ್ದ, ಮತ್ತು ಆ ಚೀಟಿ ನ್ಯಾಯಾಲಯದ ಕಡತ ಸೇರುತ್ತಿತ್ತು. ಪುಸ್ತಕ 1940ರಲ್ಲಿ ಸುಟ್ಟರೂ ಚೀಟಿ ಉಳಿದಿದೆ. ಇದು ಬಳಗದ ಹಿರಿಯರಿಗೆ ತಿಳಿಯದ ಸಂಗತಿಯೇನಲ್ಲ. ಅವರ ವಾದವೆಂದರೆ, ನಿಮ್ಮ ನೇರ ಪೂರ್ವಜನ ಲಗತ್ತಿನಲ್ಲಿ ಅವನ ದೀಕ್ಷಾಸ್ನಾನ ಮತ್ತು ತಂದೆಯ ಸಾವು ಸಿಗುತ್ತವೆ, ಅಲ್ಲಿಗೆ ಕಥೆ ಮುಗಿಯುತ್ತದೆ ಎಂಬುದು. 1814ರಲ್ಲಿ ಮದುವೆಯಾದ ನಮ್ಮ ಪೂರ್ವಜ, ಕೃಷಿ ಕೂಲಿಯೊಬ್ಬನ ಕಡತದಲ್ಲಿ ಸಿಕ್ಕಿದ್ದೂ ಅಷ್ಟೇ. ತಾಯಿ ಬದುಕಿದ್ದು ಒಪ್ಪಿಗೆ ಕೊಟ್ಟಿದ್ದರಿಂದ ಅಧಿಕಾರಿಗಳು ಹೆಚ್ಚಿನದನ್ನು ಕೇಳಿರಲಿಲ್ಲ.

ನಾನು ಹಿಡಿದ ದಾರಿ ಇಲ್ಲಿಂದ ಬೇರೆಯಾಗುತ್ತದೆ. ಮೇಲಕ್ಕೆ ಹೋಗುವುದನ್ನು ನಿಲ್ಲಿಸಿ, ಅವನ ಒಡಹುಟ್ಟಿದವರೆಲ್ಲರ ಮದುವೆಗಳನ್ನು ಒಂದೊಂದಾಗಿ ತೆಗೆದೆ. ಎರಡನೆಯ ಮದುವೆಯಾದವರ ಎರಡೂ ಮದುವೆಗಳನ್ನು ತೆಗೆದೆ. ಕಾರಣ ಸರಳವಾದುದು. ಆಗ ಜಾರಿಯಲ್ಲಿದ್ದ ನೆಪೋಲಿಯನ್ನನ ಸಂಹಿತೆಯ ಪ್ರಕಾರ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದರೆ ಅಜ್ಜ ಅಜ್ಜಿಯರ ಒಪ್ಪಿಗೆ ಬೇಕಾಗುತ್ತಿತ್ತು, ಅವರೂ ಇಲ್ಲವಾದರೆ ಅವರು ಸತ್ತದ್ದಕ್ಕೆ ಪುರಾವೆ ಬೇಕಾಗುತ್ತಿತ್ತು. ಅಂದರೆ ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಮದುವೆಯಾದವನ ಕಡತವೇ ಎಲ್ಲಕ್ಕಿಂತ ದಪ್ಪವಾಗಿರುತ್ತದೆ. ನಮ್ಮ ಕೂಲಿಯ ಕೊನೆಯ ತಮ್ಮ 1820ರ ದಶಕದ ಆರಂಭದಲ್ಲಿ ಮದುವೆಯಾಗುವ ಹೊತ್ತಿಗೆ ತಾಯಿಯೂ ತೀರಿಕೊಂಡಿದ್ದಳು. ಅವನ ಕಡತದಲ್ಲಿ ಅಜ್ಜಿಯ ಸಮಾಧಿಯ ನಕಲು ಇತ್ತು, ಅದರ ಜೊತೆಗೆ ಸಾಕ್ಷಿಗಳು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯೊಂದಿತ್ತು: ತಂದೆಯ ತಂದೆ ಹಡಗಿನ ಬಡಗಿಯಾಗಿ ಈಸ್ಟ್ ಇಂಡೀಸಿಗೆ ಹೋದವನು, ಎಲ್ಲಿ ಸತ್ತನೆಂಬುದು ತಮಗಾರಿಗೂ ಗೊತ್ತಿಲ್ಲ ಎಂದು. ಬಳಗದವರು ಮುಗಿಯಿತು ಎಂದಿದ್ದ ಜಾಗದಿಂದ ಒಂದು ತಲೆಮಾರು ಹೀಗೆ ಸುಲಭವಾಗಿ ದಾಟಿತು.

ಈ ಲಗತ್ತುಗಳ ಚಿತ್ರಗಳನ್ನು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಖರ್ಚಿಲ್ಲದೆ ನೋಡಬಹುದು. ಆದರೆ ಡಚ್ ದಾಖಲೆಗಳ ಸೂಚಿಯಿರುವ ವೀವಾಸ್‌ವೀ ತಾಣದಲ್ಲಿ ಹೆಸರು ಹಾಕಿ ಹುಡುಕಿದಂತೆ ಇದು ಕೈಗೆ ಬರುವುದಿಲ್ಲ. ಮದುವೆಯ ನೋಂದಣಿ ಸಂಖ್ಯೆಯನ್ನು ಮೊದಲು ಗುರುತಿಸಿಕೊಂಡು, ವರ್ಷದ ಕಟ್ಟಿನೊಳಗೆ ಚಿತ್ರದಿಂದ ಚಿತ್ರಕ್ಕೆ ಹೋಗಬೇಕು. ಸಂಖ್ಯೆ ಬರೆಯದ, ದಾರ ಬಿಚ್ಚಿ ಹಿಂದುಮುಂದಾದ ಕಟ್ಟುಗಳೂ ಇವೆ. ಅಂಥವುಗಳಲ್ಲಿ ಬೇಗ ಜಾಗ ಹಿಡಿಯಲು ನಾನು ರೂಢಿಸಿಕೊಂಡ ಉಪಾಯವೊಂದಿದೆ. ಅದನ್ನು ಕಂಡುಕೊಳ್ಳಲು ಒಂದು ಇಡೀ ಚಳಿಗಾಲವನ್ನೇ ತೆತ್ತಿರುವುದರಿಂದ ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಇಷ್ಟನ್ನು ಹೇಳಬಲ್ಲೆ: ಗಂಡಸರ ಕಡತದಲ್ಲಿ ಸೈನ್ಯದ ಕಡ್ಡಾಯ ಸೇವೆಯ ಪ್ರಮಾಣಪತ್ರ ಕಂಡರೆ ಹಾರಿಸಿ ಮುಂದೆ ಹೋಗಬೇಡಿ. ಅದರಲ್ಲಿ ಆಳಿನ ಎತ್ತರ, ಮುಖದ ಆಕಾರ, ಕಣ್ಣಿನ ಬಣ್ಣ, ಸಿಡುಬಿನ ಕಲೆಗಳೆಲ್ಲ ಬರೆದಿರುತ್ತವೆ, ಮತ್ತು ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ನನಗೆ ಅದು ಒಮ್ಮೆ ನೆರವಾಗಿದೆ. ಫ್ಲಿಸ್ಸಿಂಗೆನ್ನಿನಲ್ಲಿ ಹುಟ್ಟಿದವರ ಕಡತಗಳಲ್ಲಿ ದೀಕ್ಷಾಸ್ನಾನದ ನಕಲಿನ ಬದಲು, ಏಳು ಜನ ಸಾಕ್ಷಿಗಳು ನ್ಯಾಯಾಧಿಕಾರಿಯ ಮುಂದೆ ನುಡಿದ ಹೇಳಿಕೆ ಸಿಗಬಹುದು. ಆ ಏಳು ಜನರಲ್ಲಿ ಸೋದರಮಾವಂದಿರು, ಚಿಕ್ಕಪ್ಪಂದಿರು ಇರುವ ಸಾಧ್ಯತೆ ಹೆಚ್ಚಾದ್ದರಿಂದ ಅದು ಒಂದು ನಕಲಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಹಡಗಿನ ಬಡಗಿ ಸಿಕ್ಕಿದ ಮೇಲೆ ಕೆಲಸ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಯಿತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಜೇಲಾಂಡ್ ಶಾಖೆ ಇದ್ದದ್ದು ಮಿಡಲ್‌ಬರ್ಗ್‌ನಲ್ಲೇ, ಆದರೆ ಅದರ ಸಂಬಳದ ಪುಸ್ತಕಗಳು ಇರುವುದು ಹೇಗ್‌ನಲ್ಲಿ, ಹಾಗಾಗಿ ಅವು ಉಳಿದುಕೊಂಡಿವೆ. ಸುಮಾರು 1700ರಿಂದ 1794ರವರೆಗೆ ಕಂಪನಿಯ ಹಡಗು ಹತ್ತಿದವರ ಲಕ್ಷಗಟ್ಟಲೆ ನಮೂದುಗಳ ಸೂಚಿಯನ್ನು ಎಲ್ಲರೂ ಬಲ್ಲರು. ಅದರಲ್ಲಿ ಹೆಸರು ಹಾಕಿ ಸಿಗಲಿಲ್ಲವೆಂದು ಎದ್ದು ಹೋಗುವವರೇ ಹೆಚ್ಚು. ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳವು. ನಮ್ಮ ಬಡಗಿಯ ಮನೆತನದ ಹೆಸರು ಅಲ್ಲಿ ಗುರುತಿಸಲಾಗದಷ್ಟು ಬದಲಾಗಿತ್ತು, ಹುಟ್ಟೂರಿನ ಹೆಸರೂ ಸೊಟ್ಟಗಿತ್ತು. ನಾನು ಮನೆತನದ ಹೆಸರನ್ನು ಕೈಬಿಟ್ಟು, ಹುದ್ದೆ, ಶಾಖೆ, ಊರಿನ ಹೆಸರಿನ ಮೊದಲ ಮೂರು ಅಕ್ಷರ ಇಷ್ಟನ್ನೇ ಇಟ್ಟುಕೊಂಡು ಪಟ್ಟಿಯನ್ನು ಜರಡಿ ಹಿಡಿದೆ. ಉಳಿದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಲು ವಾರಗಳೇ ಹಿಡಿದವು.

ಸಂಬಳದ ಪುಸ್ತಕದ ಪುಟವನ್ನು ನೋಡದೆ ಸೂಚಿಯನ್ನು ಮಾತ್ರ ನಂಬುವವರು ಅರ್ಧ ಊಟಕ್ಕೆ ಎದ್ದಂತೆಯೇ ಸರಿ. ಪ್ರತಿಯೊಬ್ಬನಿಗೂ ಎಡಗಡೆ ಸಾಲ, ಬಲಗಡೆ ಗಳಿಕೆಯ ಲೆಕ್ಕವಿರುತ್ತದೆ. ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 9 ಗಿಲ್ಡರ್. ಬಡಗಿಗೆ ಅದಕ್ಕಿಂತ ಬಹಳ ಹೆಚ್ಚು. ಮನೆಯವರಿಗೆ ವರ್ಷಕ್ಕೆ ಮೂರು ತಿಂಗಳ ಸಂಬಳದವರೆಗೆ ಇಲ್ಲೇ ಸಿಗುವಂತೆ ಬರೆದುಕೊಡುವ ಮಾಸಪತ್ರ ಎಂಬ ವ್ಯವಸ್ಥೆಯಿತ್ತು, ಮತ್ತು ಅದನ್ನು ಹೆಂಡತಿಗೋ ಮಕ್ಕಳಿಗೋ ಹೆತ್ತವರಿಗೋ ಮಾತ್ರ ಮಾಡಬಹುದಾಗಿತ್ತು. ನಮ್ಮ ಬಡಗಿಯ ಕೊನೆಯ ಪಯಣದ ಮಾಸಪತ್ರ ಹೆಂಡತಿಗಿತ್ತು; ಅವಳ ಹೆಸರು ಲಗತ್ತಿನಲ್ಲಿದ್ದ ಅಜ್ಜಿಯ ಹೆಸರಿಗೆ ಸರಿಯಾಗಿ ಕೂಡಿಬಂದಿತು. ಗುರುತು ಗಟ್ಟಿಯಾದದ್ದು ಹೀಗೆ. ಅದೇ ಊರಿನ, ಅದೇ ಹುದ್ದೆಯ ಹಿಂದಿನ ನಮೂದನ್ನು ಹಿಡಿದು ಮದುವೆಗೆ ಮುಂಚಿನ ಪಯಣವನ್ನು ತೆಗೆದಾಗ, ಅಲ್ಲಿ ಮಾಸಪತ್ರ ತಾಯಿಯ ಹೆಸರಿಗಿತ್ತು. ಬೆಂಕಿಯಲ್ಲಿ ಹೋದ ದೀಕ್ಷಾಸ್ನಾನದ ಪುಸ್ತಕ ಕೊಡಬೇಕಾಗಿದ್ದ ಹೆಸರನ್ನು ಕಂಪನಿಯ ಲೆಕ್ಕದ ಪುಸ್ತಕವೇ ಕೊಟ್ಟಿತು. ಅವನು ಸತ್ತದ್ದು ಕೊಚ್ಚಿಯಲ್ಲಿ ಎಂಬುದೂ ಅಲ್ಲೇ ಇತ್ತು. ಉಳಿದ ಸಂಬಳ ವಿಧವೆಗೆ ಸಂದಾಯವಾಗಿದೆ. ಮೊಮ್ಮಕ್ಕಳ ಸಾಕ್ಷಿಗಳಿಗೆ ಗೊತ್ತಿಲ್ಲದ್ದು ಗುಮಾಸ್ತನಿಗೆ ಗೊತ್ತಿತ್ತು. 1663ರಿಂದ 1795ರವರೆಗೆ ಡಚ್ಚರ ಕೈಯಲ್ಲಿದ್ದ ಕೊಚ್ಚಿಯ ಸ್ಥಳೀಯ ಕಾಗದಗಳು ಈಗ ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ. ಬೆಂಗಳೂರಿಗೆ ಬಂದಾಗ ಒಮ್ಮೆ ಅಲ್ಲಿಗೂ ಹೋಗಿಬರುವ ಆಸೆಯಿದೆ, ಆದರೆ ನನ್ನ ವಾದಕ್ಕೆ ಅದರ ಅಗತ್ಯವಿಲ್ಲ.

ನಡುವೆ ಕೈಬರಹವನ್ನು ಯಂತ್ರದಿಂದ ಓದಿಸುವ ಪ್ರಯೋಗವನ್ನೂ ಮಾಡಿದೆ. ಟ್ರಾನ್ಸ್‌ಕ್ರಿಬಸ್ ಬಳಸಿ ಹದಿನೆಂಟನೆಯ ಶತಮಾನದ ನೂರಿನ್ನೂರು ಪುಟಗಳನ್ನು ಓದಿಸಿದ್ದಕ್ಕೆ ಐವತ್ತು ಯೂರೋ ಆಸುಪಾಸು ಖರ್ಚಾಯಿತು. ಗುಮಾಸ್ತರ ನೇರ್ಪಾದ ಬರಹವನ್ನು ಅದು ನನಗಿಂತ ವೇಗವಾಗಿ ಓದುತ್ತದೆ. ಹಳ್ಳಿಯ ಲೆಕ್ಕಿಗರ ಬರಹದಲ್ಲಿ ಮಾತ್ರ, ನಮಗೆ ಬೇಕಾದ ಹೆಸರುಗಳಲ್ಲೇ ಎಡವುತ್ತದೆ. ಮೋಡಿ ಲಿಪಿಯ ಹಳೆಯ ಪತ್ರಗಳನ್ನು ಅಕ್ಷರಕ್ಕಕ್ಷರ ಬಿಡಿಸಿ ಅಭ್ಯಾಸವಿದ್ದ ನನಗೆ ಡಚ್ ಬರಹ ಅಷ್ಟೊಂದು ಕಷ್ಟವೆನಿಸಲಿಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಯಂತ್ರವನ್ನು ಈಗ ಊರಿನ ಹೆಸರು ಎಲ್ಲೆಲ್ಲಿ ಬರುತ್ತದೆಂದು ಗುರುತಿಸಲು ಮಾತ್ರ ಬಳಸುತ್ತೇನೆ.

ತಾಯಿಯ ಹೆಸರು ಸಿಕ್ಕಿದ ಮೇಲೆ ಉಳಿದದ್ದು ತೆರಿಗೆಯ ಕಾಗದಗಳು. ಜೇಲಾಂಡಿನ ಲೆಕ್ಕಪರಿಶೋಧನಾ ಮಂಡಳಿಗೆ ಹಳ್ಳಿಗಳಿಂದ ಹೋಗುತ್ತಿದ್ದ ಲೆಕ್ಕಗಳಲ್ಲಿ ಮದುವೆಗೂ ಸಾವಿಗೂ ಕಟ್ಟಿದ ಕರದ ಪಟ್ಟಿಗಳಿವೆ, ಮತ್ತು ಅವು ಬೆಂಕಿಯಿಂದ ಪಾರಾಗಿವೆ. ಇವನ್ನು ನೋಡಲು ಮಿಡಲ್‌ಬರ್ಗ್‌ಗೆ ಹೋಗುವುದೇ ಮೇಲು. ನಾನಿರುವ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್ವೇನ್‌ನಿಂದ ಹೋಗಿಬರಲು ರೈಲಿಗೆ ರಿಯಾಯಿತಿಯಿಲ್ಲದ ದಿನ ಅರವತ್ತು ಯೂರೋ ಹತ್ತಿರ ಬೀಳುತ್ತಿತ್ತು. ಮೊದಲ ಸಲ ಬರಿಗೈಯಲ್ಲಿ ಬಂದೆ, ಏಕೆಂದರೆ ಆ ಹಳ್ಳಿಯ ಬೇಕಾದ ವರ್ಷಗಳೇ ಅಲ್ಲಿರಲಿಲ್ಲ. ಪಕ್ಕದ ಹಳ್ಳಿಯ ಪಟ್ಟಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಿರಬಹುದೆಂಬ ಊಹೆಯ ಮೇಲೆ ಹುಡುಕಿದಾಗ ಬಡಗಿಯ ತಾಯಿ ಸಿಕ್ಕಳು. ಇಂಥವನ ವಿಧವೆ ಎಂದು ಬರೆದಿದ್ದರಿಂದ ತಂದೆಯೂ ಸಿಕ್ಕಿದ. ಅವನು ಹಿಡಿದಿದ್ದ ಜಮೀನು ಒಡ್ಡಿನ ತೆರಿಗೆಗಾಗಿ ಬರೆದಿಟ್ಟ ಭೂಮಿಯ ಪಟ್ಟಿಯಲ್ಲಿದೆ, ನಾಲ್ಕೈದು ಖೆಮೆಟ್. ಒಂದು ಖೆಮೆಟ್ ಹೆಚ್ಚುಕಡಿಮೆ ನಮ್ಮ ಒಂದು ಎಕರೆ. ಸಮುದ್ರವನ್ನು ತಡೆಯುವ ಖರ್ಚನ್ನು ಜಮೀನಿನ ಅಳತೆಯ ಮೇಲೆ ಹಂಚಬೇಕಾಗಿದ್ದುದರಿಂದ ಇಲ್ಲಿ ಯಾರ ತುಂಡುಭೂಮಿಯೂ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ.

ಕೊನೆಯದಾಗಿ ಹೆಸರಿಡುವ ಪದ್ಧತಿಯನ್ನು ತಾಳೆ ನೋಡಿದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬ ಇಲ್ಲಿನ ರೂಢಿ ನಮ್ಮ ಕಡೆಯವರಿಗೆ ಹೊಸದೇನಲ್ಲ. ಬಡಗಿಯ ಹಿರಿಯ ಮಗನಿಗೆ ಜಮೀನಿನ ಪಟ್ಟಿಯಲ್ಲಿದ್ದವನ ಹೆಸರೇ ಇದೆ. ಇದೊಂದನ್ನೇ ನಂಬಿ ತಂದೆಯನ್ನು ಹುಟ್ಟಿಸುವವರಿದ್ದಾರೆ. ನಾನು ಇದನ್ನು ಕಾಗದಗಳೆಲ್ಲ ಕೂಡಿದ ಮೇಲೆ ಮಾತ್ರ ಎಣಿಕೆಗೆ ತೆಗೆದುಕೊಳ್ಳುತ್ತೇನೆ.

ಬೂದಿಯ ಮಾತಾಡಿದ್ದ ಹಿರಿಯರಿಗೆ ಇಡೀ ಕಡತವನ್ನು ಕೊಟ್ಟೆ. ಅವರು ಒಂದು ತಿಂಗಳು ಇಟ್ಟುಕೊಂಡು, ಪ್ರತಿಯೊಂದು ಸಂಖ್ಯೆಯನ್ನೂ ತಾವೇ ತೆಗೆದು ನೋಡಿ, ಸಂಬಳದ ಪುಸ್ತಕದ ಎರಡು ಪಯಣಗಳು ಒಬ್ಬನವೇ ಎಂಬುದಕ್ಕೆ ಇನ್ನೊಂದು ಪುರಾವೆ ಬೇಕು ಎಂದರು. ಅದು ನ್ಯಾಯವಾದ ಆಕ್ಷೇಪವೇ. ಮೊದಲ ಪಯಣದಿಂದ ಮರಳಿ ಬಂದ ಹಡಗಿನ ಹೆಸರೂ ದಿನಾಂಕವೂ ಮದುವೆಯ ಕರದ ವರ್ಷಕ್ಕೆ ಹೊಂದುವುದನ್ನು ತೋರಿಸಿದ ಮೇಲೆ ಒಪ್ಪಿಕೊಂಡು, ತಮ್ಮ ತಾಯಿಯ ಕಡೆಯ ಕೊನೆಯ ತಂಗಿಯ ಮದುವೆಯ ಕಡತವನ್ನು ಹುಡುಕಿಕೊಡಲಾಗುವುದೇ ಎಂದು ಕೇಳಿದರು. ದುಡಿದ ಹೊತ್ತನ್ನು ಬಿಟ್ಟು ಒಟ್ಟು ಖರ್ಚು ಸಾವಿರ ಯೂರೋಗೆ ಹತ್ತಿರ ಬಂದಿದೆ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ರೈಲಿನ ಚೀಟಿಗಳು ಮತ್ತು ಕೆಲವು ಚಿತ್ರಪ್ರತಿಗಳ ಶುಲ್ಕ, ಮುನ್ನೂರು ಇರಬಹುದು. ಬಡಗಿಯ ಹೆಂಡತಿಯ ಅಣ್ಣನೊಬ್ಬ 1720ರಲ್ಲಿ ಆರಂಭವಾದ ಮಿಡಲ್‌ಬರ್ಗ್ ವಾಣಿಜ್ಯ ಕಂಪನಿಯ ಹಡಗಿನಲ್ಲಿ ದುಡಿದಿರುವಂತೆ ಕಾಣುತ್ತದೆ. ಆ ಕಂಪನಿ ಆಫ್ರಿಕಾದ ಜನರನ್ನು ಗುಲಾಮರಾಗಿ ಸಾಗಿಸಿ ಮಾರಿದ್ದರಿಂದ ಆ ಕಾಗದಗಳನ್ನು ತೆರೆಯುವ ಮೊದಲು ಅತ್ತೆಯವರನ್ನು ಕೇಳಿದೆ. ತೆರೆ, ಇದ್ದದ್ದು ಇದ್ದಂತೆ ಬರೆ ಎಂದಿದ್ದಾರೆ. ನಾವಿಕರ ಹಾಜರಿ ಪಟ್ಟಿಗಳು ಜೇಲಾಂಡ್ ಪತ್ರಾಗಾರದಲ್ಲಿ ಉಳಿದಿವೆ. ಮುಂದಿನ ಸಲ ಹೋದಾಗ ಅವನ್ನೇ ಮೊದಲು ತೆಗೆಸುತ್ತೇನೆ.