ಡೆಬಿಯನ್ 12ಕ್ಕೆ ಏರಿದ ಬಳಿಕ ಮೆನುವಿನಿಂದ ಮಾಯವಾದ ವಿಂಡೋಸ್: ನನ್ನ ಅನುಭವ

ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಮತ್ತು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಎರಡೂ ಇದ್ದ ನನ್ನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಅನ್ನು 11ರಿಂದ 12ಕ್ಕೆ ಏರಿಸಿದ ನಂತರ, ಕಂಪ್ಯೂಟರ್ ಶುರುವಾಗುವಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ಡೆಬಿಯನ್ ಮಾತ್ರ ಉಳಿಯಿತು.

ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಆರಂಭಿಕ ಸೆಟ್ಟಿಂಗ್‌ಗಳಲ್ಲಿ) ಬೂಟ್ ಕ್ರಮವನ್ನು ಬದಲಿಸಿದರೆ ವಿಂಡೋಸ್ ನೇರವಾಗಿ ತೆರೆಯುತ್ತಿತ್ತಾದರೂ ಗ್ರಬ್ ಮೆನುವೇ ಬರುತ್ತಿರಲಿಲ್ಲ. ವಿಂಡೋಸ್ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿಯಾದ್ದರಿಂದ ಅದರ ಸ್ಟಾರ್ಟ್‌ಅಪ್ ರಿಪೇರಿಯಿಂದ ಪ್ರಯೋಜನವಾಗಲಿಲ್ಲ. ಗ್ರಬ್ ಅನ್ನು ಮರುಸ್ಥಾಪಿಸಿದರೂ ಮೆನು ಹಾಗೆಯೇ ಇತ್ತು.

ಸುಳಿವು ಸಿಕ್ಕಿದ್ದು 'ಸುಡೊ ಅಪ್‌ಡೇಟ್-ಗ್ರಬ್' ಆದೇಶದ ಉತ್ತರದಲ್ಲಿ: ಓಎಸ್-ಪ್ರೋಬರ್ ಅನ್ನು ನಡೆಸಲಾಗುವುದಿಲ್ಲ ಎಂಬ ಎಚ್ಚರಿಕೆಯ ಸಾಲು ಅಲ್ಲಿತ್ತು. ಇತರ ವ್ಯವಸ್ಥೆಗಳನ್ನು ಹುಡುಕಿ ಮೆನುವಿಗೆ ಸೇರಿಸುವ ಈ ಪ್ರೋಗ್ರಾಂ ಅನ್ನು ಭದ್ರತೆಯ ಕಾರಣಕ್ಕಾಗಿ ಗ್ರಬ್ 2.06ರಿಂದ ಪೂರ್ವನಿಯೋಜಿತವಾಗಿಯೇ ನಿಲ್ಲಿಸಿಡಲಾಗಿದೆ. ಡೆಬಿಯನ್ 12ರ ಬಿಡುಗಡೆ ಟಿಪ್ಪಣಿಯಲ್ಲೂ ಇದರ ಪ್ರಸ್ತಾಪವಿದೆ, ಆದರೆ ಅದನ್ನು ಓದುವವರು ಕಡಿಮೆ.

ಮೊದಲು 'ಸುಡೊ ಆಪ್ಟ್ ಇನ್‌ಸ್ಟಾಲ್ ಓಎಸ್-ಪ್ರೋಬರ್' ಎಂದು ಕೊಟ್ಟು ಆ ಪ್ಯಾಕೇಜ್ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ 'ಸುಡೊ ಓಎಸ್-ಪ್ರೋಬರ್' ನಡೆಸಿದಾಗ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬ ಹೆಸರುಳ್ಳ ಸಾಲು ಕಾಣಿಸಬೇಕು; ಅದು ಕಾಣದಿದ್ದರೆ ಮುಂದಿನ ಹೆಜ್ಜೆಗಳಿಂದ ಫಲವಿಲ್ಲ. ನಂತರ 'ಸುಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್' ಮೂಲಕ ಕಡತವನ್ನು ತೆರೆದು, 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್' (GRUB_DISABLE_OS_PROBER=false) ಎಂಬ ಸಾಲಿನ ಮುಂದಿರುವ # ಚಿಹ್ನೆಯನ್ನು ಅಳಿಸಬೇಕು. ಡೆಬಿಯನ್ ಅನ್ನು ಏರಿಸುವಾಗ ಹಳೆಯ ಕಡತವನ್ನೇ ಉಳಿಸಿಕೊಂಡವರಲ್ಲಿ ಈ ಸಾಲು ಇಲ್ಲದಿರಬಹುದು. ಆಗ ಕೊನೆಯಲ್ಲಿ ಸೇರಿಸಬೇಕು. ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗ ಹೆಸರು ಪೂರ್ತಿ ದೊಡ್ಡಕ್ಷರಗಳಲ್ಲಿ, 'ಫಾಲ್ಸ್' ಸಣ್ಣಕ್ಷರಗಳಲ್ಲಿ ಇರಬೇಕು. ಸಮ ಚಿಹ್ನೆಯ ಎರಡೂ ಬದಿಯಲ್ಲಿ ಜಾಗ ಬಿಡಬಾರದು. ಉಳಿಸಿ ಹೊರಬಂದು ಮತ್ತೆ 'ಸುಡೊ ಅಪ್‌ಡೇಟ್-ಗ್ರಬ್' ನಡೆಸಿದಾಗ ವಿಂಡೋಸ್ ಸಿಕ್ಕಿತೆಂಬ ಸಾಲು ಬಂತು, ರೀಸ್ಟಾರ್ಟ್ ಮಾಡಿದಾಗ ಮೆನುವಿನಲ್ಲಿ ಅದು ಮರಳಿತ್ತು.